ಕನ್ನಡಿಯವರೆಗೆ ಮಾತ್ರ ಅಳೆದ ಮನುಷ್ಯ

ಒದ್ದೆ ಪೇಪರಿನಿಂದ ಹಳೆಯ ಕನ್ನಡಿ ಒರೆಸುವಾಗ ಒಂದು ವಾಸನೆ ಬರುತ್ತದೆ, ಶಾಯಿಯದ್ದೂ ಧೂಳಿನದ್ದೂ ಸೇರಿ. ಮೊನ್ನೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಡಬಿದ್ರೆ ಪೇಟೆಯ ಆ ಫೋಟೋದವನು ನೆನಪಾದ. ಮೊಮ್ಮಗಳ ನಿಶ್ಚಿತಾರ್ಥ! ಸಂತೋಷದಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಥ ದಿನವೇ ಅವನು ನೆನಪಿಗೆ ಬರಬೇಕೇ?

ನನ್ನ ಮದುವೆಗೆ ಸಿದ್ಧಕಟ್ಟೆಯ ನಮ್ಮ ತವರಿಗೆ ಬಂದಿದ್ದ, ಕ್ಯಾಮೆರಾವನ್ನು ಕೂಸಿನ ಹಾಗೆ ಎದೆಗವಚಿಕೊಂಡು. ಅಪ್ಪ ತೀರಿ ಎರಡು ವರ್ಷವಾಗಿತ್ತು. ಗಂಡ ಸತ್ತವಳು ಮದುಮಗಳ ಪಕ್ಕ ನಿಲ್ಲಬಾರದೆಂದು ಅಮ್ಮ ಒಳಕೋಣೆಯ ಬಾಗಿಲು ದಾಟಲಿಲ್ಲ. ನಾನು ಅತ್ತುಬಿಟ್ಟೆ. ಆಗ ಉಪಾಯ ಹೇಳಿದವನು ಅವನೇ... ಅದೊಂದನ್ನು ಒಪ್ಪಬೇಕು.

"ಅಮ್ಮ ಅಲ್ಲೇ ಬಾಗಿಲಲ್ಲಿ ನಿಲ್ಲಲಿ. ಮಗಳು ಕನ್ನಡಿಯೆದುರು ಕೂತ್ಕೊಳ್ಳಲಿ. ನಾನು ಕನ್ನಡಿಯ ಫೋಟೋ ತೆಗೀತೇನೆ. ಕನ್ನಡಿಗೆಂತ ದೋಷ ಉಂಟು?"

ಅಮ್ಮ ನಕ್ಕು ಸೆರಗು ಸರಿಮಾಡಿಕೊಂಡಳು. ಅವನು ಟೇಪು ಹಿಡಿದು ಕ್ಯಾಮೆರಾದಿಂದ ಕನ್ನಡಿಯವರೆಗೆ ಅಳೆದ, ಆ ಲೆಕ್ಕಕ್ಕೆ ಕ್ಯಾಮೆರಾದಲ್ಲಿ ಎಂತದೋ ತಿರುಗಿಸಿದ, ಒತ್ತಿದ.

ಫೋಟೋ ಬಂತು. ಕನ್ನಡಿಯ ಚೌಕಟ್ಟಿನಲ್ಲಿ ಕೆತ್ತಿದ ಹೂವಿನ ಎಸಳು ಎಣಿಸಬಹುದಿತ್ತು. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದ ನಾನೂ ಪರವಾಗಿಲ್ಲ. ಅಮ್ಮ ನಿಂತಿದ್ದ ದೂರದ ಬಾಗಿಲಲ್ಲಿ ಮಾತ್ರ ಒಂದು ಬಿಳಿ ಹೊಗೆ.

ಅಮ್ಮನನ್ನು ಕರೆದುಕೊಂಡು ಅವನ ಸ್ಟುಡಿಯೋಕ್ಕೆ ಹೋಗಿ ಕೇಳಿದೆ. "ಅಲ್ಲಾಡಿದ್ದು ನಿಮ್ಮ ತಾಯಿ, ನಾನೆಂತ ಮಾಡ್ಲಿ? ಒಂದು ಗಳಿಗೆ ನೆಟ್ಟಗೆ ನಿಲ್ಲಲಿಕ್ಕೆ ಬರುದಿಲ್ವಾ?" ಎಂದು ಅವಳೆದುರೇ ಅಂದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಮ್ಮನ ಕೈ ಹಿಡಿದು ಹೊರಗೆ ನಡೆದೆ. ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: "ನಾನು ನಿಲ್ಲಬಾರದಿತ್ತು ಮಗಾ. ಅದಕ್ಕೇ ಹೀಗಾಯ್ತು."

ಆಮೇಲೆ ಅವಳು ಸಾಯುವವರೆಗೂ ಯಾವ ಕ್ಯಾಮೆರಾದೆದುರೂ ನಿಲ್ಲಲಿಲ್ಲ. ಆ ಹೊಗೆಯೊಂದೇ ಉಳಿದದ್ದು...

ಕೊಟ್ಟ ಮನೆ ಮೂಡಬಿದ್ರೆಯಲ್ಲೇ ಇದ್ದರೂ ಮಕ್ಕಳ ಫೋಟೋ ತೆಗೆಸಲು ನಾನು ಬಂಟ್ವಾಳದ ಬಸ್ಸು ಹತ್ತುತ್ತಿದ್ದೆ. ಒಮ್ಮೆ ಅವನು ಪೇಟೆಯಲ್ಲಿ ಹಲ್ಲು ಕಿರಿದು, "ಎಂತ ಅಕ್ಕ, ನಮ್ಮಲ್ಲಿಗೆ ಬರುದೇ ಇಲ್ಲ?" ಎಂದ.

"ನನ್ನ ಮಕ್ಕಳು ಅಲ್ಲಾಡ್ತಾರೆ" ಎಂದು ಮುಖ ತಿರುಗಿಸಿ ನಡೆದೆ.

ಮೊನ್ನೆ ಮೊಮ್ಮಗಳು ಸೀರೆಯುಟ್ಟು ಬಂದಳು. ಮನೆಯೆಲ್ಲ ಬೆಳಕಾದ ಹಾಗಾಯಿತು! ತವರಿನಿಂದ ತಂದ ಅದೇ ಕನ್ನಡಿಯೆದುರು ನನ್ನನ್ನು ನಿಲ್ಲಿಸಿ ಮೊಬೈಲು ಕೊಟ್ಟಳು. ತಾನು ಹಿಂದೆ ಬಾಗಿಲಲ್ಲಿ ನಿಂತಳು. "ಕನ್ನಡಿಯಲ್ಲಿ ನನ್ನದೊಂದು ತೆಗಿ ಅಜ್ಜಿ. ಬೆರಳಿಟ್ಟು ಒತ್ತಿದ ಜಾಗ ಸ್ಪಷ್ಟ ಬರ್ತದೆ."

ನಾನು ಮೊಬೈಲಿನಲ್ಲಿ ಕಂಡ ಚೌಕಟ್ಟಿನ ಹೂವಿಗೆ ಒತ್ತಿದೆ. ಎಸಳೆಲ್ಲ ಸ್ಪಷ್ಟ. ಬಾಗಿಲಲ್ಲಿ ಹೊಗೆ. ನಾನು ತಿರುಗಿ ಅವಳನ್ನು ನೋಡಿದೆ.

"ನೀನು ಅಲ್ಲಾಡಿದ್ಯಾ?"

"ಇಲ್ಲ ಮಾರಾಯ್ತಿ! ಚೌಕಟ್ಟು ಹತ್ತಿರ ಉಂಟು, ನಾನು ಕನ್ನಡಿಯೊಳಗೆ ದೂರ ಇದ್ದೇನೆ. ಕನ್ನಡಿಯವರೆಗೆ ಒಂದು ದೂರ, ಅಲ್ಲಿಂದ ನನ್ನವರೆಗೆ ಇನ್ನೊಂದು. ಎರಡೂ ಸೇರ್ಬೇಕು. ನನ್ನ ಮುಖಕ್ಕೆ ಒತ್ತು."

ಒತ್ತಿದೆ. ಹೂವು ಮಸುಕಾಯಿತು, ಹುಡುಗಿ ಹೊಳೆದಳು.

ಆ ಮನುಷ್ಯ ಅರ್ಧ ದಾರಿ ಅಳೆದು, ಅಳೆಯದೆ ಬಿಟ್ಟದ್ದನ್ನು ನನ್ನ ಅಮ್ಮನ ತಲೆಗೆ ಕಟ್ಟಿದ್ದ! ಈಗ ಅವನಿಲ್ಲ, ಸ್ಟುಡಿಯೋ ಇದ್ದಲ್ಲಿ ಬಳೆಯಂಗಡಿ. ಹೋಗಿ ಬೈದು ಬರೋಣವೆಂದರೂ ಜನವಿಲ್ಲ. ಅಮ್ಮನಿಗೆ ಹೇಳೋಣವೆಂದರೆ...

ಪೆಟ್ಟಿಗೆಯಿಂದ ಹಳೆಯ ಫೋಟೋ ತೆಗೆದೆ. ಹೊಗೆಯ ಮೇಲೆ ಬೆರಳಿಟ್ಟು ಒತ್ತಿಯೂ ನೋಡಿದೆ. ಕಾಗದ ತಾನೇ, ಹಾಗೆಯೇ ಇತ್ತು.

"ಇದ್ಯಾರು ಅಜ್ಜಿ?" ಎಂದಳು ಮೊಮ್ಮಗಳು.

"ನನ್ನ ಅಮ್ಮ" ಎಂದೆ. "ನೆಟ್ಟಗೆ ನಿಂತಿದ್ದಾಳೆ."