ಹತ್ತಿ ಗೋದಾಮಿನ ಸೈಕಲ್ ಪಾರ್ಕು

ಜಗತ್ತಿನ ಊರುಗಳನ್ನೆಲ್ಲ ಬಿಟ್ಟು ಹುಬ್ಬಳ್ಳಿಯಲ್ಲೇ ಸೈಕಲ್ಲಿಗೊಂದು ಸೂರು ಕಟ್ಟಬೇಕು ಎಂದು ನನ್ನ ತಮ್ಮನಿಗೆ ಅನ್ನಿಸಿತು. ಬಯಲಲ್ಲಿ ಪುಕ್ಕಟೆ ಹೊಡೆಯುವ ಸೈಕಲ್ಲನ್ನು ತಗಡಿನ ಕೆಳಗೆ ರೊಕ್ಕ ಕೊಟ್ಟು ಹೊಡೆಯಬೇಕು. ಕಟ್ಟಿಗೆಯ ದಿಬ್ಬ ಹತ್ತಬೇಕು, ಇಳಿಯಬೇಕು, ಎದೆಗಾರಿಕೆ ಇದ್ದವರು ತುದಿಯಿಂದ ಹಾರಬೇಕು. ಹೊರದೇಶದಲ್ಲಿ ಹಿಮ ಬೀಳುತ್ತದೆಂದು ಮಂದಿ ಇಂಥ ಜಾಗಕ್ಕೆ ಬರುತ್ತಾರಂತೆ. ನಮ್ಮಲ್ಲಿ ಸಂಜೆಯ ಗಾಳಿ ಬೀಸಿದರೆ ಮಂದಿ ಮನೆಯೊಳಗೇ ಕೂರುವುದಿಲ್ಲ, ಕಟ್ಟೆಗೆ ಬರುತ್ತಾರೆ. ಇದನ್ನು ನಾನು ಹೇಳಿದೆ. ನಾನು ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವಳು. ಹೇಳುವುದು ನನ್ನ ಉದ್ಯೋಗ, ಕೇಳದಿರುವುದು ನಮ್ಮ ಮನೆತನದ ಉದ್ಯೋಗ.

“ಅಕ್ಕಾ, ಈ ಊರಾಗ ಹುಡುಗ್ರು ಸೈಕಲ್ ಹೊಡಿಯಾಕ ಜಾಗಾ ಎಲ್ಲೈತಿ? ನೀನ ಹೇಳು” ಎಂದ.

ಆ ಮಾತು ಮಾತ್ರ ಖರೆ. ಉಣಕಲ್ ಕೆರೆಯ ದಂಡೆಯಲ್ಲಿ ಸೈಕಲ್ ಕಲಿತವನು ಅವನು. ರೇಸಿಗೆ ತಯಾರಾಗುತ್ತಿದ್ದಾಗ ಧಾರವಾಡದ ರಸ್ತೆಯಲ್ಲಿ ಲಾರಿ ತಾಗಿ ಮೊಣಕಾಲು ಮುರಿಯಿತು. ಕಾಲು ಕೂಡಿತು, ರೇಸು ಕೂಡಲಿಲ್ಲ. ಹಾಗಾಗಿ ಉಳಿದವರು ನಕ್ಕಷ್ಟು ನನಗೆ ನಗಲಿಕ್ಕೆ ಆಗಲಿಲ್ಲ.

ನಮ್ಮದು ಹತ್ತಿ ವ್ಯಾಪಾರದ ಮನೆ. ಶಿರಗುಪ್ಪಿ ಕಡೆಯ ಹತ್ತಿ ಬಂದು ಬೀಳುತ್ತಿದ್ದ ದೊಡ್ಡ ಗೋದಾಮೊಂದು ಈಗ ಖಾಲಿ ಬಿದ್ದಿತ್ತು. ಅದರ ಯಜಮಾನಿಕೆ ಕಾಕಾನದು, ಅಂದರೆ ನಮ್ಮ ಅಪ್ಪನ ತಮ್ಮನದು. ವ್ಯಾಪಾರಿಗಳ ವರ್ಷ ದೀಪಾವಳಿಯಿಂದ ದೀಪಾವಳಿಗೆ. ಕಾಕಾ ಅದನ್ನೇ ಗಡುವು ಮಾಡಿದ.

“ಬರೋ ಲಕ್ಷ್ಮೀಪೂಜಾ ತನಕಾ ಗೋದಾಮು ನಿಂದು. ಅಷ್ಟ್ರಾಗ ನಿನ್ನ ಪಾರ್ಕು ತನ್ನ ಕಾಲ ಮ್ಯಾಲ ನಿಂತ್ರ ಕಾಯಂ ನಿಂದ. ಇಲ್ಲಾಂದ್ರ ನಾ ಕಲ್ಯಾಣ ಮಂಟಪ ಮಾಡ್ತೇನಿ. ಆಮ್ಯಾಲ ಅತ್ತು ಕರದು ಮಾಡೂದು ಬ್ಯಾಡ.”

ತಮ್ಮ ಕುಣಿದಾಡಿದ. ಇಂಥ ಪಾರ್ಕಿನಲ್ಲಿ ಹಾರಿದವರು ಬೀಳಲಿಕ್ಕೆ ಒಂದು ಗುಂಡಿ ಇರುತ್ತದೆ, ಅದರಲ್ಲಿ ಸ್ಪಂಜಿನ ತುಂಡು ತುಂಬಿರುತ್ತಾರೆ. ಹತ್ತಿಯವರ ಮನೆಯಲ್ಲಿ ಸ್ಪಂಜೇ? ಮಂದಿ ಏನೆಂದಾರು? ಮನೆಯ ಹಿರಿಯರೆಲ್ಲ ಕೂಡಿ ಗುಂಡಿಗೆ ಹತ್ತಿಯನ್ನೇ ತುಂಬಿಸಿದರು. ಮೊದಮೊದಲು ಬಿದ್ದವರಿಗೆ ಸ್ವರ್ಗ. ಆಮೇಲೆ ಬಿದ್ದು ಬಿದ್ದು ಹತ್ತಿ ಗಟ್ಟಿಯಾಗಿ, ಹಾರಿದ ಹುಡುಗನೊಬ್ಬ ಎದ್ದು ಕೂತು, “ಅಂಕಲ್, ಕೆಳಗ ಫರ್ಸಿಕಲ್ಲು ಹಾಕ್ಸೀರೇನ್ರಿ?” ಎಂದು ಕೇಳಿದ. ಅಂದಿನಿಂದ ವಾರವಾರವೂ ಹತ್ತಿ ಹಿಂಜುವವರನ್ನು ಕರೆಸಬೇಕಾಯಿತು. ಅವರು ಹಿಂಜಿ ಹೋದ ದಿನ ಪಾರ್ಕಿಗೆ ಬಂದವರ ತಲೆಯೆಲ್ಲ ಬೆಳ್ಳಗೆ.

ಉದ್ಘಾಟನೆಯ ಗದ್ದಲ ಏನು ಕೇಳುತ್ತೀರಿ! ದೊಡ್ಡ ದಿಬ್ಬಕ್ಕೆ ಕಾಯಿ ಒಡೆದೆವು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು, ಹೆಲ್ಮೆಟ್ಟಿಗೂ ಕುಂಕುಮ. ಬೀಗರು, ಬಿಜ್ಜರು, ಓಣಿಯವರು, ಮಾರ್ಕೆಟ್ಟಿನವರು ಎಲ್ಲರೂ ಬಂದು “ಛಲೋ ಮಾಡ್ಯಾನ” ಎಂದರು. ಛಲೋ ಅನ್ನಲಿಕ್ಕೆ ನಮ್ಮ ಕಡೆ ಯಾರೂ ಜಿಪುಣತನ ಮಾಡುವುದಿಲ್ಲ.

ಮುಂದಿನ ಭಾನುವಾರ ಕೆಲಗೇರಿಯಿಂದ ನಮ್ಮ ಸೋದರತ್ತೆ ಬಂದಳು. ಸೈಕಲ್ ಹೊಡೆಯುವವರು ಇಬ್ಬರು ಮೊಮ್ಮಕ್ಕಳು, ನೋಡಲಿಕ್ಕೆ ಬಂದವರು ಒಂದು ಟೆಂಪೊ ತುಂಬ. ರಜೆಯ ದಿನ ಗಲ್ಲಾದ ಮೇಲೆ ಕೂರುತ್ತಿದ್ದವಳು ನಾನು.

“ಅತ್ತಿ, ಚೀಟಿ ತಗೋರಿ” ಎಂದೆ.

ಅತ್ತೆ ನನ್ನ ಗಲ್ಲ ಹಿಂಡಿದಳು. “ಏ ಹುಚ್ಚಿ, ನಮಗ್ಯಾಕ ಚೀಟಿ? ನಾವೇನ್ ಹೊರಗಿನವ್ರೇನು?”

ಅಷ್ಟರಲ್ಲಿ ತಮ್ಮ ಓಡಿ ಬಂದ. “ಬರ್ರಿ ಅತ್ತಿ, ಬರ್ರಿ, ಒಳಗ ಕುಂಡ್ರಿ. ಏ, ಚಾ ತರ್ರಿ!”

ಅತ್ತೆ ಗಾದಿಯ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಕ್ಯಾಂಟೀನಿನಲ್ಲಿ ನಾವು ಮಾರುತ್ತಿದ್ದ ಗಿರ್ಮಿಟ್ಟು ಅವಳಿಗೆ ಬೇಡ, ಹೊರಗಿನದು ತಿಂದರೆ ಮಕ್ಕಳಿಗೆ ಹೊಟ್ಟೆ ಕೆಡುತ್ತದಂತೆ. ಅಂದರೆ ಚೀಟಿ ತೆಗೆದುಕೊಳ್ಳುವಾಗ ಮಾತ್ರ ಇದು ಮನೆ, ತಿನ್ನುವಾಗ ಹೊರಗೆ.

“ಇಸ್ಕೋಬೇಕಪಾ ರೊಕ್ಕಾ” ಎಂದು ತಮ್ಮನಿಗೆ ಬೈದೆ.

“ಅಕ್ಕಾ, ಅತ್ತಿ ಕಡಿಂದ ಹೆಂಗ ಇಸ್ಕೊಳ್ಳೂದು? ಮಂದ್ಯಾಗ ಮಾರಿ ಹೆಂಗ ತೋರ್ಸೂದು?”

ನಮ್ಮವರು ಎಂಬ ಮಾತಿಗೆ ನಮ್ಮ ಕಡೆ ಬೇಲಿಯೇ ಇಲ್ಲ. ಅತ್ತೆಯ ಮಕ್ಕಳಾಯಿತು, ಅವರ ಓಣಿಯಾಯಿತು, ತಮ್ಮನ ಸಾಲಿಯ ಗೆಳೆಯರಾಯಿತು, ನಮ್ಮ ಮಠಕ್ಕೆ ನಡೆದುಕೊಳ್ಳುವವರೆಲ್ಲ ಆಯಿತು. ಇನ್ನು ಅಪ್ಪಟ ಹೊರಗಿನವರೂ ಬಂದರು. ಮೊದಲ ಸಲ ಚೀಟಿ ತೆಗೆಸಿದರು. ತಮ್ಮ ಅವರಿಗೂ ಚಾ ಕುಡಿಸಿ, ಊರು ಕೇರಿ ವಿಚಾರಿಸಿ, ಯಾವುದೋ ಮೂಲೆಯಿಂದ ಸಂಬಂಧ ಹೊಂದಿಸಿಬಿಟ್ಟ. ಎರಡನೆಯ ಸಲ ಅವರೂ ನನ್ನ ಮುಂದೆ ಹಲ್ಲು ಕಿರಿದು ಒಳಗೆ ಹೋದರು. ಕಾಮರ್ಸಿನ ಯಾವ ಪುಸ್ತಕದಲ್ಲೂ ಗಿರಾಕಿಯನ್ನು ಬೀಗನನ್ನಾಗಿ ಮಾಡುವ ಅಧ್ಯಾಯವಿಲ್ಲ. ಬೇಸಿಗೆಯಲ್ಲಿ ತಗಡು ಕಾದು ಹೊರಗಿನವರು ಬರುವುದು ನಿಂತಿತು. ನಮ್ಮವರು ಬೀಸಣಿಕೆ ತಂದರು.

ಲಕ್ಷ್ಮೀಪೂಜೆಯ ಹಿಂದಿನ ಭಾನುವಾರ ಕಾಕಾ ಬಂದ. ಪಾರ್ಕು ಕಿಕ್ಕಿರಿದಿತ್ತು. ತಮ್ಮನ ಮುಖ ನೋಡಬೇಕಿತ್ತು.

“ನೋಡ್ರಿ ಕಾಕಾ, ಕಾಲಿಡಾಕ ಜಾಗಾ ಇಲ್ಲ!”

ಕಾಕಾ ಒಂದು ಮೂಲೆಯಲ್ಲಿ ಕೂತು ಚಾ ಕುಡಿದ.

“ತಮ್ಮಾ, ಇವ್ರೆಲ್ಲಾ ಏನ್ ಮಾಡಾಕತ್ತಾರ?”

“ಕುಂತಾರ್ರಿ.”

“ಮತ್ತ?”

“ಮಾತಾಡಾಕತ್ತಾರ್ರಿ. ಚಾ ಕುಡ್ಯಾಕತ್ತಾರ್ರಿ.”

“ಹುಡುಗ್ರು ಓಡ್ಯಾಡಾಕತ್ತಾವು. ಇದು ಮದವಿ ಮನಿ ಅಲ್ಲೇನೋ? ಮದುಮಕ್ಕಳು ಇಬ್ರು ಕಡಿಮಿ ಅದಾರ, ಅಷ್ಟ.”

ನಾನು ಎದ್ದು ನಿಂತೆ. “ಕಾಕಾ, ಇನ್ನೊಂದ ವರ್ಷ ಕೊಟ್ಟು ನೋಡ್ರಿ.”

“ಕಾಮರ್ಸ್ ಕಲಿಸಾಕಿ ನೀನು. ನೀನ ಹೇಳವಾ, ನಡೀತೈತೇನು ಇದು?”

ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ. ನಡೆಯುತ್ತದೆ ಎಂದು ಸುಳ್ಳು ಹೇಳಲಿಕ್ಕೆ ನನಗೆ ಬಹಳ ಆಸೆಯಾಯಿತು. ಆದರೆ ಗಲ್ಲಾದ ಲೆಕ್ಕದ ಪುಸ್ತಕ ತೆಗೆದು ಕಾಕಾನ ಮುಂದಿಟ್ಟೆ. ಆಚೆ ಅತ್ತೆ ಇನ್ನೊಂದು ಕಪ್ಪು ಚಾ ತರಲಿಕ್ಕೆ ಹೇಳುತ್ತಿದ್ದಳು. ಅವಳ ಡಬ್ಬಿಯನ್ನು ಎತ್ತಿ ಹೊರಗೆ ಒಗೆಯುವಷ್ಟು ಸಿಟ್ಟು ಬಂತು ನನಗೆ.

ಲಕ್ಷ್ಮೀಪೂಜೆ ಮುಗಿದು ದಿಬ್ಬದ ಹಲಗೆ ಬಿಚ್ಚುವ ಮುಂಜಾನೆ ತಮ್ಮ ಒಂದು ಸೈಕಲ್ ತೆಗೆದುಕೊಂಡು ದೊಡ್ಡ ದಿಬ್ಬ ಹತ್ತಿ ಇಳಿದ. ಆವತ್ತೇ ಮೊದಲು. ವರ್ಷವಿಡೀ ಬಂದವರಿಗೆ ಬರ್ರಿ ಬರ್ರಿ ಅನ್ನುವುದರಲ್ಲಿ ಅವನಿಗೆ ತನ್ನ ಪಾರ್ಕಿನಲ್ಲಿ ಸೈಕಲ್ ಹೊಡೆಯಲಿಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ. ನನಗೆ ಅಳು ತಡೆಯಲಿಕ್ಕಾಗಲಿಲ್ಲ.

ದಿಬ್ಬದ ಹಲಗೆಗಳು ಮದುಮಕ್ಕಳ ವೇದಿಕೆಯಾದವು. ಗುಂಡಿಯ ಹತ್ತಿ ಬೀಗರ ಖೋಲಿಯ ಗಾದಿಯಾಯಿತು. ಮಂಟಪದ ಉಸ್ತುವಾರಿಗೆ ಕಾಕಾ ತಮ್ಮನನ್ನೇ ಇಟ್ಟ. ಬಂದವರನ್ನು ಮಾತಾಡಿಸುವುದರಲ್ಲಿ ಅವನಂಥವನು ಇನ್ನೊಬ್ಬನಿಲ್ಲ ಎಂದು ಕಾಕಾನೇ ಹೇಳಿದ, ಚೇಷ್ಟೆಗಲ್ಲ.

ಮೊದಲ ಮದುವೆಯ ದಿನ ತಮ್ಮ ಬಾಗಿಲಲ್ಲಿ ಗುಲಾಬಿ ನೀರು ಹಿಡಿದು ನಿಂತಿದ್ದ. ಪಕ್ಕದಲ್ಲಿ ನಾನು. ಅತ್ತೆ ಮೊಮ್ಮಕ್ಕಳ ಜೊತೆ ಟೆಂಪೊ ಇಳಿದು ಬಂದಳು. ಒಳಗೆ ಇಣುಕಿ ನೋಡಿ ಅವಳ ಮುಖ ಖರೆ ಖರೆ ಸಣ್ಣದಾಯಿತು.

“ಅಯ್ಯ, ಹುಡುಗ್ರಿಗೆ ಭಾಳ ಬ್ಯಾಸರಾಗೇತಿ ನೋಡಪಾ. ಭಾನುವಾರ ಬಂತಂದ್ರ ನಿನ್ನ ಪಾರ್ಕು, ನಿನ್ನ ಪಾರ್ಕು ಅಂತಾವು. ಎಷ್ಟ್ ಛಲೋ ಇತ್ತು! ಯಾಕ್ ಮುಚ್ಚಿದ್ಯೋ?”

ತಮ್ಮ ಅವಳ ಕೈಗೆ ಗುಲಾಬಿ ನೀರು ಚಿಮುಕಿಸಿ ಕೈ ಮುಗಿದ.

“ಭಾಳ ಮಂದಿ ಬರಾಕತ್ತಿದ್ರು ಅತ್ತಿ, ಅದಕ್ಕ ಮುಚ್ಚಿದೆ. ಬರ್ರಿ, ಒಳಗ ಕುಂಡ್ರಿ.”