ಕೂಸಿಗೆ ತಾಗಿದ ಕಣ್ಣು

ಅಳುತ್ತಿದ್ದ ಮಗಳನ್ನು ಎತ್ತಿ ಎದೆಗೆ ಒರಗಿಸಿಕೊಂಡೆ. ನನ್ನ ಸೆರಗು ಹಿಡಿದು ಥಟ್ಟನೆ ಸುಮ್ಮನಾದಳು. ಆ ಕ್ಷಣ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ನನ್ನವ್ವ ನಾನು ಕೂಸಾಗಿದ್ದಾಗಲೇ ತೀರಿಕೊಂಡವಳು. ಇವಳಿಗೆ ಮಾತ್ರ ಒಂದು ಸಲ ಅತ್ತರೆ ಸಾಕು, ಅವ್ವ ಸಿಗುತ್ತಾಳಲ್ಲ ಎನ್ನಿಸಿತು.

ಸಂಜೆ ಕೂಸು ಹಾಲು ಮುಟ್ಟದೆ ಒಂದೇ ಸಮನೆ ಅಳತೊಡಗಿತು. ತವರಿನಲ್ಲಿ ನೋಡಿಕೊಳ್ಳುವವರಿಲ್ಲದೆ ನನ್ನ ಬಾಣಂತನ ಸಾರವಾಡದ ಗಂಡನ ಮನೆಯಲ್ಲೇ ನಡೆದಿತ್ತು. ಅತ್ತೆ ಉಪ್ಪು, ಒಣಮೆಣಸಿನಕಾಯಿ ತಂದು ಮಗುವಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದರು.

“ಮಂದಿ ಕಣ್ಣಿಗಿಂತ ಹಡದಾಕಿ ಕಣ್ಣ ಮೊದಲ ತಾಗತೈತಿ,” ಎಂದರು. ಎಲ್ಲ ತಾಯಂದಿರಿಗೂ ಹೇಳುವ ಮಾತದು. ನನಗೆ ಮಾತ್ರ ಸಿಕ್ಕಿಬಿದ್ದಂತಾಯಿತು.

“ಹೌದ್ರಿ ಅತ್ತಿ, ಇಕಿನ್ನ ನೋಡಿದ್ರ ನನಗ ಹೊಟ್ಟಿಕಿಚ್ಚ ಆಗತೈತ್ರಿ,” ಅಂದುಬಿಟ್ಟೆ.

ಅತ್ತೆ ಬೈಯಲಿಲ್ಲ. ಒಳಗೆ ಹೋಗಿ ಇನ್ನೊಂದು ಹಿಡಿ ಉಪ್ಪು ತಂದರು. “ಸಣ್ಣಾಕಿದ್ದಾಗ ನಿನಗ ಯಾರ ದೃಷ್ಟಿ ತಗದಾರ? ಕುಂದರು,” ಎಂದು ನನ್ನ ತಲೆಯ ಸುತ್ತ ನಿವಾಳಿಸಿದರು.

ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ. ಮಗಳು ಸೆರಗು ಹಿಡಿದಾಗ ಈಗಲೂ ಚುರುಕ್ ಎನ್ನುತ್ತದೆ. ಆದರೆ ಅತ್ತೆ ಉಪ್ಪು ಹಿಡಿದು ಹೊರಬಂದರೆ, ಯಾರೂ ಕರೆಯದಿದ್ದರೂ ಹೋಗಿ ಮಗಳ ಪಕ್ಕ ಕೂರುತ್ತೇನೆ.