ತಡವರಿಸದ ಸಾಕ್ಷಿ

ತಡವರಿಸದೆ ಮಾತನಾಡುವವರನ್ನು ಕಂಡರೆ ನನಗೆ ಅನುಮಾನ. ಕೆಲಸದಲ್ಲಿ ನಿರ್ಲಕ್ಷ್ಯ ತೋರಿದರೆಂದು ವೈದ್ಯರು, ಇಂಜಿನಿಯರರು ಮೊದಲಾದವರ ಮೇಲೆ ದಾವೆ ಬಿದ್ದಾಗ, ಹೈದರಾಬಾದಿನ ಸಿವಿಲ್ ನ್ಯಾಯಾಲಯಗಳಲ್ಲಿ ಅವರ ಪರವಾಗಿ ವಾದಿಸುತ್ತಲೇ ತಲೆ ನರೆತವನು ನಾನು. ವೃತ್ತಿ ಅನ್ನ ಕೊಟ್ಟಿತು. ಜೊತೆಗೆ ಈ ರೋಗವನ್ನೂ ಕೊಟ್ಟಿತು. ಬೇಗಂ ಬಜಾರಿನ ವ್ಯಾಪಾರಿ ಹೊಸ ಹುಣಸೆಹಣ್ಣು ಎಂದರೆ, ಎಲ್ಲಿಂದ ಬಂತು, ಇಳಿಸಿಕೊಂಡವರು ಯಾರು ಎಂದು ಕೇಳುತ್ತ ನಿಲ್ಲುತ್ತೇನೆ.

“ಹುಣಸಿಹಣ್ಣಿಗೂ ಪಾಟೀಸವಾಲ್ ಏನ್ರೀ? ನಡೀರಿ ಮನಿಗೆ,” ಎಂದು ಹೆಂಡತಿ ಕೈಚೀಲ ಎಳೆಯುತ್ತಾಳೆ.

ನನ್ನ ಕಡೆ ಶಾಸ್ತ್ರವಿದೆ. ನೈಯಾಯಿಕರು ಎಣಿಸಿದ ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಪೀಠವುಂಟು, ಅದಿಲ್ಲದೆ ನಿರ್ಣಯ ಹುಟ್ಟದು ಎಂದು ಬಾಲ್ಯದಲ್ಲಿ ನನಗೆ ತರ್ಕ ಹೇಳಿಕೊಟ್ಟ ಗುರುಗಳು ಹೇಳುತ್ತಿದ್ದರು. ಸಂಶಯವು ಸ್ವಂತ ಕಕ್ಷಿದಾರನ ಮೇಲೆಯೇ ತಿರುಗಿದರೆ ಮಾಡುವುದೇನೆಂದು ಮಾತ್ರ ಆ ಪುಣ್ಯಾತ್ಮರು ಹೇಳಿರಲಿಲ್ಲ.

ದಿಲ್‌ಸುಖ್‌ನಗರದ ಮೂಳೆ ವೈದ್ಯರೊಬ್ಬರು ಬಂದರು. ಕಲಬುರಗಿ ಮೂಲದ ನಮ್ಮವರೇ. ಮಸಾಲೆ ಅಂಗಡಿಯ ಒಡತಿ ಶಾಂತಮ್ಮನ ಮುರಿದ ಕಾಲಿಗೆ ಅವರು ಪ್ಲಾಸ್ಟರ್ ಹಾಕಿದ್ದರು. ಅದು ಬಿಗಿಯಾಗಿ ತನ್ನ ಪಾದದ ಸ್ವಾಧೀನವೇ ತಪ್ಪಿತೆಂದು ಆಕೆಯ ದಾವೆ. ಹೊರಡುವಾಗ ರೋಗಿ ಯಾವ ತೊಂದರೆಯನ್ನೂ ಹೇಳಲಿಲ್ಲ ಎಂದು ವೈದ್ಯರು ಇಂಗ್ಲಿಷಿನಲ್ಲಿ ವಿವರಿಸಿದರು. ಮರುವಾರ ಕೇಳಿದಾಗಲೂ ಅದೇ ಪದ, ಅದೇ ನಿಲುಗಡೆ. ಇಸ್ತ್ರಿ ಮಾಡಿದ ಅಂಗಿಯಂಥ ಮಾತು, ಎಲ್ಲಿಯೂ ಸುಕ್ಕಿಲ್ಲ. ಈ ಊರಿನ ನಮ್ಮಂಥವರಿಗೆ ಹೊರಗಿನ ಭಾಷೆ ಬೇರೆ, ಒಲೆಯ ಮುಂದಿನ ಭಾಷೆ ಬೇರೆ. ನಾನು ಬಾಗಿಲು ಮುಚ್ಚಿದೆ.

“ಡಾಕ್ಟರ್ ಸಾಹೇಬ್ರ, ಈಗ ನಿಮ್ಮ ಅವ್ವನ ಮುಂದ ಹೇಳಿದಂಗ ಹೇಳ್ರಿ.”

“ಹೇಳೂದೇನೈತ್ರಿ... ಪ್ಲಾಸ್ಟರ್ ಹಾಕಿದೆ. ಹೊಂಟ್ಲು. ಬಾಗಿಲದಾಗ ನಿಂತು...” ಅವರು ಕನ್ನಡಕ ತೆಗೆದರು. “ಬೆರಳು ಜುಂ ಅನ್ನಾಕತ್ತಾವ್ರೀ ಅಂದ್ಲು. ಹೊರಗ ಮಂದಿ ಭಾಳ ಇದ್ರು. ನಾಳೆ ಬಾರವಾ ಅಂದುಬಿಟ್ಟೆ.”

ನಾನು ಆ ಮಾತನ್ನು ಹಾಗೆಯೇ ಬರೆದುಕೊಂಡೆ.

“ಇದು ಹೊರಗ ಬಂದ್ರ ನನ್ನ ಹೆಸರು ಮುಗೀತಲ್ರೀ, ವಕೀಲ್ ಸಾಹೇಬ್ರ!”

“ಇದನ್ನ ಬಿಟ್ಟು ಹೇಳಾಕ ನಾ ನಿಮ್ಮನ್ನ ಕಟಕಟೆ ಹತ್ತಸಂಗಿಲ್ರಿ. ರಾಜಿ ಮಾತು ತಗೀತೀನಿ. ನೀವೂ ಬಂದು ಆಕಿ ಎದುರಿಗೆ ಕೂಡ್ರಿ.”

ಅವರು ಮೂರು ರಾತ್ರಿ ನಿದ್ದೆ ಕೆಟ್ಟರಂತೆ, ಕಡೆಗೆ ರಾಜಿ ಮಾತಿಗೆ ಬಂದರು. ಶಾಂತಮ್ಮ ಕೋಲು ಊರಿಕೊಂಡು ಕೇಳಿಸಿಕೊಂಡಳು. ವೈದ್ಯರು ಬಾಗಿಲ ಬಳಿಯ ಆ ಮಾತನ್ನು, ಎರಡು ಸಲ ತಪ್ಪಿ, ನೀರು ಕುಡಿದು, ಒಪ್ಪಿಕೊಂಡರು.

“ಅವತ್ತು ಹಿಂಗ ಕುಂತು ಕೇಳಿದ್ರ ನಾ ಯಾಕ ಕೋರ್ಟ್ ಮೆಟ್ಟಲ ಹತ್ತತಿದ್ದೆ? ಸಿಟ್ಟೇನು ಇಳಿದಿಲ್ಲ ನಂದು,” ಎಂದಳು ಆಕೆ. “ಆದ್ರ ನಾ ಸುಳ್ಳು ಹೇಳಾಕಿ ಅಲ್ಲ ಅಂತ ನಾಕು ಮಂದಿ ಮುಂದ ಆತಲ್ಲ.” ಪರಿಹಾರಕ್ಕೆ ಒಪ್ಪಿ ದಾವೆ ಹಿಂತೆಗೆದುಕೊಂಡಳು. ವೈದ್ಯರ ಹೆಸರು ಮುಗಿಯಲಿಲ್ಲ. ಈಗ ರೋಗಿಯನ್ನು ಬಾಗಿಲವರೆಗೆ ಅವರೇ ಬಿಟ್ಟುಬರುತ್ತಾರೆಂದು ಕೇಳಿದ್ದೇನೆ. ನಿಜವೋ ಏನೋ, ವಿಚಾರಿಸಬೇಕು.

ರಾಜಿಯಾದ ಮರುದಿನ ಬೆಳಿಗ್ಗೆ ದೇವರ ಮುಂದೆ ಕುಳಿತೆ. ಉಪನಯನದಂದಿನಿಂದ ಹೇಳುತ್ತ ಬಂದ ಸ್ತೋತ್ರ ನಾಲಿಗೆಯ ಮೇಲೆ ತಾನಾಗಿ ಓಡತೊಡಗಿತು. ಅದೇ ಪದ, ಅದೇ ನಿಲುಗಡೆ, ಎಲ್ಲಿಯೂ ಸುಕ್ಕಿಲ್ಲ. ನನಗೆ ಅನುಮಾನ ಬಂತು. ಸ್ತೋತ್ರ ನಿಲ್ಲಿಸಿ, ಮನೆಯ ಮಾತಿನಲ್ಲಿ, “ಅಪ್ಪಾ, ಏನಂತ ಹೇಳ್ಲಿ...” ಎಂದೆ. ಮುಂದಿನ ಮಾತಿಗೆ ತಡವರಿಸಿದೆ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಯಾಕ್ರೀ, ಮಂತ್ರ ಮರೆತ್ರೇನು?”

“ಇಲ್ಲ ತಗೋ,” ಎಂದೆ. “ಈಗ ಸಾಕ್ಷಿ ಹೇಳಾಕತ್ತೀನಿ.”